ಪದಪಟ್ಟಿಯ ಪರೀಕ್ಷೆ ಮತ್ತು ಗಡಿಯ ಮಕ್ಕಳು

ನಿಪ್ಪಾಣಿಯ ಓಣಿಯೊಂದರಲ್ಲಿ ಕಂಡ ಸಣ್ಣ ಘಟನೆಯಿಂದ ನಮ್ಮ ಮಾತನ್ನು ಆರಂಭಿಸುತ್ತೇವೆ. ಪರಿಚಯದ ಮನೆಗೆ ಹೋಗಿದ್ದೆವು. ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಒಂಬತ್ತನೇ ತರಗತಿಯ ಮಗಳು ಪಕ್ಕದಲ್ಲಿ ಕುಳಿತು, ಬೀಡಿಯ ಬಾಯಿ ಮಡಚುತ್ತಲೇ, ಗೋಡೆಗೆ ಒರಗಿಸಿಟ್ಟ ಹಾಳೆ ನೋಡಿ ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿದ್ದಳು. ಮರುದಿನ ಶಾಲೆಯಲ್ಲಿ ವಿರುದ್ಧಾರ್ಥಕ ಪದಗಳ ಪರೀಕ್ಷೆಯಿತ್ತು. "ಏನ್ಶಿಯಂಟ್ ಅಂದ್ರ ಏನಮ್ಮಾ?" ಎಂದು ಕೇಳಿದೆವು. "ಮಾಡರ್ನ್‌ದ ಆಪೋಸಿಟ್ ರೀ" ಎಂದಳು. "ಹಂಗಾದ್ರ ಮಾಡರ್ನ್ ಅಂದ್ರ?" "ಏನ್ಶಿಯಂಟ್‌ದ ಆಪೋಸಿಟ್ ರೀ."

ಅವಳ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಹಿಂದಿನ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂದಿದ್ದವಂತೆ. ನಾವಿದ್ದ ಅರ್ಧ ತಾಸಿನಲ್ಲಿ ಅದೇ ಹುಡುಗಿ ತಾಯಿಯೊಡನೆ ದಖನಿಯಲ್ಲಿ ಮಾತನಾಡಿದಳು, ಸಕ್ಕರೆ ಕೇಳಲು ಬಂದ ನೆರೆಮನೆಯ ಹೆಂಗಸಿನೊಡನೆ ಮರಾಠಿಯಲ್ಲಿ ನಕ್ಕಳು, ನಮ್ಮೊಡನೆ ಕನ್ನಡದಲ್ಲಿ ಹರಟಿದಳು. ಈ ಮೂರು ಭಾಷೆಗಳನ್ನು ಅವಳಿಗೆ ಯಾರೂ ಪಟ್ಟಿ ಕೊಟ್ಟು ಕಲಿಸಿರಲಿಲ್ಲ. ಆದರೆ ನಾಲ್ಕನೆಯ ಭಾಷೆಯೊಂದು ಹಾಳೆಯ ಮೇಲಿಂದ ಅವಳ ನಾಲಗೆಗೆ ಬಂದು, ಅಲ್ಲಿಂದ ಉತ್ತರಪತ್ರಿಕೆಗೆ ಹೋಗಿ ಸತ್ತು ಬೀಳುತ್ತಿತ್ತು. ಅವಳ ತಲೆಯೊಳಗಾಗಲಿ, ಬದುಕಿನೊಳಗಾಗಲಿ ಅದು ಕಾಲಿಡಲೇ ಇಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಎಂದರೆ ಈಗ ಬಹುಮಟ್ಟಿಗೆ ಇದೇ ಆಗಿದೆ. ಘಟಕ ಪರೀಕ್ಷೆ, ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಕೊನೆಗೆ 'ಪಾಸಿಂಗ್ ಪ್ಯಾಕೇಜ್'. ಎಲ್ಲದರಲ್ಲೂ ಅವೇ ಪದಪಟ್ಟಿ, ಅವೇ ವ್ಯಾಕರಣದ ಸೂತ್ರಗಳು. ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸಿ, ನೇರ ಮಾತನ್ನು ಪರೋಕ್ಷಕ್ಕೆ ಬದಲಿಸಿ, ಬಿಟ್ಟ ಸ್ಥಳ ತುಂಬಿ. ಪರೀಕ್ಷೆ ಹೆಚ್ಚಾದಷ್ಟೂ ಕಲಿಕೆ ಹೆಚ್ಚಾಗುತ್ತದೆ ಎಂಬ ಮೂಢನಂಬಿಕೆ ಇಡೀ ಶಿಕ್ಷಣ ವ್ಯವಸ್ಥೆಯನ್ನು ಆವರಿಸಿದೆ. ಆಕಳನ್ನು ದಿನಕ್ಕೆ ನಾಲ್ಕು ಬಾರಿ ತೂಗಿದರೆ ಹಾಲು ಹೆಚ್ಚುವುದಿಲ್ಲ ಎಂಬುದು ನಮ್ಮ ರೈತರಿಗೆ ಗೊತ್ತು. ಅಧಿಕಾರಿಗಳಿಗೆ ಗೊತ್ತಿಲ್ಲ.

ನಮ್ಮನ್ನು ತಪ್ಪು ತಿಳಿಯುವವರಿಗೆ ಮೊದಲೇ ಹೇಳಿಬಿಡುತ್ತೇವೆ. ನಾವು ಇಂಗ್ಲಿಷ್ ವಿರೋಧಿಗಳಲ್ಲ. ಇಂಗ್ಲಿಷನ್ನು ದೂರವಿಟ್ಟು ಒಂದು ಸಮುದಾಯ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮುಸ್ಲಿಮರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸರ್ ಸೈಯದ್ ಅಹ್ಮದ್ ಖಾನರು 1875ರಲ್ಲಿ ಅಲಿಗಢದಲ್ಲಿ ವಿದ್ಯಾಸಂಸ್ಥೆ ತೆರೆದಾಗ ಅವರ ಮೇಲೆ ಫತ್ವಾಗಳ ಮಳೆಯೇ ಸುರಿಯಿತು. ಆ ಕಾಲ ಮುಗಿದಿದೆ. ಇಂದು ಬಡ ಮುಸ್ಲಿಮನೂ, ದಲಿತನೂ, ಸಣ್ಣ ರೈತನೂ ತನ್ನ ಮಗುವಿಗೆ ಇಂಗ್ಲಿಷ್ ಬೇಕೆಂದು ಕೇಳುತ್ತಾನೆ. ಅದು ಅವನ ಹಕ್ಕು. ಅವನು ಕೇಳಿದ್ದು ಭಾಷೆ. ವ್ಯವಸ್ಥೆ ಅವನ ಮಗುವಿಗೆ ಕೊಟ್ಟಿದ್ದು ಪದಪಟ್ಟಿ. ನಮ್ಮ ತಕರಾರು ಇರುವುದು ಈ ವಂಚನೆಯ ಬಗ್ಗೆ.

ಈ ನೆಲದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ರಾಯಬಾಗ ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಛತ್ರಪತಿ ಶಾಹು ಮಹಾರಾಜರು 1917ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿದರು. ಜೈನ, ಲಿಂಗಾಯತ, ಮುಸ್ಲಿಮ್, ಅಸ್ಪೃಶ್ಯ ಮಕ್ಕಳಿಗೆ ಕೊಲ್ಹಾಪುರದಲ್ಲಿ ವಸತಿಗೃಹಗಳು ತೆರೆಯಲು ಬೆಂಬಲವಾಗಿ ನಿಂತರು. ಬಡವರ ಮಗು ಶಾಲೆಯಲ್ಲಿ ಉಳಿಯಬೇಕಾದರೆ ಮೊದಲು ಅದಕ್ಕೆ ಅನ್ನ ಮತ್ತು ಸೂರು ಬೇಕು ಎಂಬ ತಿಳಿವಳಿಕೆ ಆ ಅರಸನಿಗಿತ್ತು. ನೂರು ವರ್ಷಗಳ ನಂತರ ನಾವು ಆ ಮಗುವಿಗೆ ಪ್ರಶ್ನೆಪತ್ರಿಕೆ ಕೊಡುತ್ತಿದ್ದೇವೆ.

ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯದಲ್ಲಿ ಇಂಗ್ಲಿಷ್ ಕಲಿಕೆ ಎಂಟನೇ ಇಯತ್ತೆಯಿಂದ ಆರಂಭವಾಗುತ್ತಿತ್ತು. ಕರ್ನಾಟಕ ಸರ್ಕಾರ 2007-08ರಿಂದ ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷನ್ನು ವಿಷಯವಾಗಿ ತಂದಿತು. ಅಂದರೆ ಇಂದು ಹತ್ತನೇ ತರಗತಿಗೆ ಬರುವ ಹುಡುಗ ಒಂಬತ್ತು ವರ್ಷ ಇಂಗ್ಲಿಷ್ ಕಲಿತೇ ಬಂದಿರುತ್ತಾನೆ. ಆದರೂ ಕೊನೆಯ ವರ್ಷ ಅವನಿಗೆ 'ಪಾಸಿಂಗ್ ಪ್ಯಾಕೇಜ್' ಬೇಕಾಗುತ್ತದೆ. ಒಂಬತ್ತು ವರ್ಷ ಏನಾಯಿತು ಎಂದು ಯಾರಾದರೂ ಕೇಳಿದ್ದಾರೆಯೇ? ಪರೀಕ್ಷೆಗೆ ಒಳಗಾಗಬೇಕಾದವರು ಯಾರು, ಮಗುವೋ ವ್ಯವಸ್ಥೆಯೋ?

ಈ ಪರೀಕ್ಷೆಗಳು ಏನನ್ನು ಅಳೆಯುತ್ತವೆ ನೋಡೋಣ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ. ಮಗು ಇಂಗ್ಲಿಷನ್ನು ಕೇಳಿ ಅರ್ಥ ಮಾಡಿಕೊಂಡೀತೇ, ಮಾತನಾಡೀತೇ ಎಂಬುದನ್ನು ಮೂರು ತಾಸಿನ ಆ ಲಿಖಿತ ಪರೀಕ್ಷೆ ಕೇಳುವುದೇ ಇಲ್ಲ. ಅದನ್ನು ನೋಡಲು ಅವಕಾಶವಿರುವ 20 ಅಂಕಗಳು ಎಷ್ಟೋ ಕಡೆ ಹಾಜರಿ ಪುಸ್ತಕದ ಸಹಿಯಂತೆ ತುಂಬಿಹೋಗುತ್ತವೆ.

ಪ್ರಶ್ನೆ ಟ್ಯಾಗಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ "ಹೌದಿಲ್ಲೋ" ಎಂದರೆ ಮುಗಿಯಿತು. ಮರಾಠಿಯಲ್ಲಿ "ಹೋ ನಾ", ದಖನಿಯಲ್ಲಿ "ಹೈ ನಾ". ಮೂರೂ ಭಾಷೆಗಳಲ್ಲಿ ಒಂದೇ ಮಾತು ಎಲ್ಲ ವಾಕ್ಯಗಳಿಗೂ ಸಾಕು. ಇಂಗ್ಲಿಷಿನಲ್ಲಿ ಕ್ರಿಯಾಪದ, ಕಾಲ, ಕರ್ತೃ ಬದಲಾದಂತೆ ಅದೂ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಮಗುವಿಗೆ ಅದರದೇ ಭಾಷೆಯಿಂದ ತೋರಿಸಿಕೊಟ್ಟರೆ ಅದಕ್ಕೆ ಬೆರಗಾಗುತ್ತದೆ, ನೆನಪೂ ಉಳಿಯುತ್ತದೆ. ಹಾಗೆಯೇ ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ಕನ್ನಡದ ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳುತ್ತದೆ, ಇಂಗ್ಲಿಷಿನ 'ಇನ್', 'ಆನ್', 'ಟು' ಪದದ ಮುಂದೆ ನಿಲ್ಲುತ್ತವೆ. 'ಎ', 'ಆ್ಯನ್', 'ದಿ' ಎಂಬ ಮೂರಕ್ಕೆ ನಮ್ಮ ಮೂರೂ ಭಾಷೆಗಳಲ್ಲಿ ಸಮಾನವಾದುದೇ ಇಲ್ಲ. ಹುಡುಗನೊಬ್ಬ "ಐ ಸ್ಕೂಲ್ ಟು ಗೋ" ಎಂದು ಬರೆದರೆ ಅವನಿಗೆ ವ್ಯಾಕರಣ ಗೊತ್ತಿಲ್ಲವೆಂದಲ್ಲ. ಅವನ ಮನಸ್ಸಿನಲ್ಲಿ ಕನ್ನಡದ ವ್ಯಾಕರಣ ಗಟ್ಟಿಯಾಗಿ ಕುಳಿತಿದೆ ಎಂದರ್ಥ. ಆ ತಪ್ಪು ಶಿಕ್ಷಕನಿಗೆ ದಾರಿ ತೋರಿಸುವ ಕೈಮರ. ನಾವು ಅದರ ಮೇಲೆ ಕೆಂಪು ಗೆರೆ ಎಳೆದು ಸೊನ್ನೆ ಬರೆಯುತ್ತೇವೆ.

ಪದಸಂಪತ್ತಿನ ಕಥೆಯೂ ಇದೇ. ಕೃಷ್ಣಾ ತೀರದ ಕಬ್ಬು ಬೆಳೆಗಾರರ ಮಕ್ಕಳಿಗೆ ಇಂಗ್ಲಿಷ್ ಪದಗಳು ಗೊತ್ತಿಲ್ಲವೆಂದು ಯಾರು ಹೇಳಿದರು? ರಿಕವರಿ, ಟನ್ನೇಜ್, ಎಫ್‌ಆರ್‌ಪಿ, ಸ್ಟಾರ್ಟರ್, ಟ್ರೈಲರ್, ಡ್ರಿಪ್, ಇವೆಲ್ಲ ಇಲ್ಲಿಯ ಹೊಲದಲ್ಲೇ ಇರುವ ಪದಗಳು. 2025ರ ನವೆಂಬರಿನಲ್ಲಿ ಪಕ್ಕದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತರು. ಕೊನೆಗೆ ಸರ್ಕಾರ 3,300 ರೂಪಾಯಿಯ ತೀರ್ಮಾನಕ್ಕೆ ಬಂತು. ಓದು ಬರಹ ಹೆಚ್ಚಿಲ್ಲದ ರೈತನೂ ರಿಕವರಿ ಎಂದರೇನು, ಅದು ಕಡಿಮೆ ತೋರಿಸಿದರೆ ತನ್ನ ಜೇಬಿಗೆ ಎಷ್ಟು ಕತ್ತರಿ ಎಂಬುದನ್ನು ಬಿಡಿಸಿ ಹೇಳಬಲ್ಲ. ಬದುಕಿಗೆ ಬೇಕಾದ ಪದ ತಾನಾಗಿ ಬರುತ್ತದೆ. ಬದುಕಿಗೆ ಅಂಟದ ಪದ ಪರೀಕ್ಷೆ ಮುಗಿದ ಸಂಜೆ ಬಿದ್ದುಹೋಗುತ್ತದೆ. ಇಷ್ಟು ಸರಳ ಸತ್ಯವನ್ನು ಪದಪಟ್ಟಿ ತಯಾರಿಸುವವರು ಅರಿಯದೇ ಹೋದರು.

ಅಥಣಿಯ ಚಮ್ಮಾರರು ಕೈಯಲ್ಲಿ ಹೊಲಿಯುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹೋಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಬೆಳಗಾವಿ ಜಿಲ್ಲೆಯೂ ಅದರಲ್ಲಿ ಪಾಲುದಾರ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಅಂಥದೇ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಟೀಕೆ ಬಂದ ಮೇಲೆ ಭಾರತದ ಕರಕುಶಲಿಗಳ ಋಣವನ್ನು ಒಪ್ಪಿಕೊಂಡಿತು. ಆ ವಾದ ವಿವಾದದ ಬಹುಪಾಲು ನಡೆದದ್ದು ಇಂಗ್ಲಿಷಿನಲ್ಲಿ. ಅಥಣಿಯ ಚಮ್ಮಾರನ ಮಗಳಿಗೆ ಇಂಗ್ಲಿಷ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ತನ್ನ ಅಪ್ಪನ ಕೈಕೆಲಸದ ಬಗ್ಗೆ ಹತ್ತು ವಾಕ್ಯ ಬರೆಯಲು, ವ್ಯಾಪಾರಿಗೆ ಬೆಲೆ ಹೇಳಲು, ಮೋಸ ಮಾಡಿದವನಿಗೆ ಒಂದು ಪತ್ರ ಹಾಕಲು ಅವಳಿಗೆ ಇಂಗ್ಲಿಷ್ ಬೇಕು. ಲಂಡನ್ನಿನ ಬೂಟು ಹೊಲಿಯುವವನೊಬ್ಬ ಕಾರ್ಖಾನೆ ಮಾಲಿನ ಎದುರು ತನ್ನ ಕಸುಬನ್ನು ಕೆಡಿಸಲೊಪ್ಪದೆ ಹಸಿವಿನಿಂದ ಸತ್ತ ಕಥೆಯನ್ನು ಜಾನ್ ಗಾಲ್ಸ್‌ವರ್ದಿ ಬರೆದಿದ್ದಾನೆ. ಆ ಕಥೆಯನ್ನು ಅಥಣಿಯ ತರಗತಿಯಲ್ಲಿ ನಿಧಾನವಾಗಿ ಓದಿಸಿದರೆ ಮಕ್ಕಳು ಎಷ್ಟು ಪದ ಕಲಿತಾರು, ಯೋಚಿಸಿ. ಅಷ್ಟು ವ್ಯವಧಾನ ಪರೀಕ್ಷೆಯ ವೇಳಾಪಟ್ಟಿಯಲ್ಲಿಲ್ಲ.

ಇನ್ನು ಫಲಿತಾಂಶದ ಮಾತು. ಬೆಳಗಾವಿ ಕಂದಾಯ ಜಿಲ್ಲೆಯೊಳಗೆ ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. 2018ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ, ಉತ್ತರ ಕನ್ನಡದ ನಂತರ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದು ಇದು ಸುದ್ದಿಯಾಗಿತ್ತು. ಸಂತೋಷವೇ. ಆದರೆ ಸ್ಥಾನದ ಹಂಬಲ ಒಮ್ಮೆ ತಲೆಗೇರಿದರೆ ಶಾಲೆ ಅಂಕಗಳ ಕಾರ್ಖಾನೆಯಾಗುತ್ತದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಇಡೀ ರಾಜ್ಯದ ಕಥೆ ಬಯಲಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. 2025ರಲ್ಲಿ ಸರ್ಕಾರ ತೇರ್ಗಡೆಯ ಮಟ್ಟವನ್ನೇ ಶೇ. 35ರಿಂದ 33ಕ್ಕೆ ಇಳಿಸುವ ತೀರ್ಮಾನ ಮಾಡಿತು. ನಪಾಸಾಗುವ ಮಗುವಿನ ಬಗ್ಗೆ ಕರುಣೆ ನಮಗೂ ಇದೆ. ಆದರೆ ಗೋಡೆಯನ್ನು ಎರಡು ಅಂಗುಲ ತಗ್ಗಿಸುವುದರಿಂದ ಮಗುವಿಗೆ ಹತ್ತಲು ಕಲಿಸಿದಂತಾಗುವುದಿಲ್ಲ.

ಈ ಗೋಡೆ ಎಲ್ಲರಿಗೂ ಒಂದೇ ಎತ್ತರದಲ್ಲಿಲ್ಲ ಎಂಬುದು ಇನ್ನೂ ದೊಡ್ಡ ಸಂಗತಿ. ನಿಪ್ಪಾಣಿ ಕಡೆಯ ಮರಾಠಿ ಮಾಧ್ಯಮದ ಮಗುವಿಗೆ, ಉರ್ದು ಮಾಧ್ಯಮದ ಮಗುವಿಗೆ ಮನೆಯ ಭಾಷೆಯ ಜೊತೆಗೆ ಕನ್ನಡವನ್ನೂ ಇಂಗ್ಲಿಷನ್ನೂ ಪರೀಕ್ಷೆಯ ಭಾಷೆಗಳಾಗಿ ದಾಟಬೇಕು. ಕಬ್ಬು ಕಡಿಯುವ ಕುಟುಂಬಗಳ ಮಕ್ಕಳು ಹಂಗಾಮಿನಲ್ಲಿ ತಂದೆತಾಯಿಯ ಹಿಂದೆ ಅಲೆಯುತ್ತಾರೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನದಿ ದಂಡೆಯ ಎಷ್ಟೋ ಮನೆಗಳ ಪಾಠಪುಸ್ತಕಗಳು ನೀರು ಪಾಲಾದವು. ಉಳ್ಳವರ ಮಕ್ಕಳು ಆಂಗ್ಲ ಮಾಧ್ಯಮದ ಶಾಲೆಗೂ ಸಂಜೆಯ ಟ್ಯೂಷನ್ನಿಗೂ ಹೋಗುತ್ತಾರೆ. ಎಲ್ಲರ ಮುಂದೆಯೂ ಒಂದೇ ಪ್ರಶ್ನೆಪತ್ರಿಕೆ ಇಟ್ಟು ಬಂದ ಅಂಕಗಳಿಗೆ 'ಪ್ರತಿಭೆ' ಎಂದು ಹೆಸರಿಡುತ್ತೇವೆ. ಇಂಗ್ಲಿಷಿನಲ್ಲಿ ನಪಾಸಾದ ಹುಡುಗಿಗೆ ಪಿಯುಸಿಯ ಬಾಗಿಲು ಮುಚ್ಚಿತೆಂದರೆ ಅವಳಿಗೆ ಉಳಿಯುವುದು ಎರಡೇ: ತಾಯಿಯ ಮೊರ, ಇಲ್ಲವೇ ಬೇಗನೆ ಆಗುವ ಮದುವೆ. ಅಂಕಪಟ್ಟಿಯ ಒಂದು ಸಾಲು ಒಂದು ಬದುಕನ್ನು ಹೀಗೆ ಕಟ್ಟಿಹಾಕುತ್ತದೆ.

ಎರಡು ಬಣಗಳಿಗೆ ಉತ್ತರ ಹೇಳಬೇಕು. ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಓದುವುದಿಲ್ಲ ಎನ್ನುವವರು ಒಂದು ಬಣ. ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ವೈದ್ಯ ನಾಡಿ ಹಿಡಿಯುವುದು ರೋಗಿಯ ಸ್ಥಾನ ನಿರ್ಣಯಿಸಲು ಅಲ್ಲ, ಔಷಧ ಕೊಡಲು. ಪರೀಕ್ಷೆಯ ಮರುದಿನ ಶಿಕ್ಷಕನ ಪಾಠ ಬದಲಾಗದಿದ್ದರೆ ಆ ಪರೀಕ್ಷೆ ವ್ಯರ್ಥ. ಕನ್ನಡ ನಾಡಿನ ಬಡ ಮಕ್ಕಳಿಗೆ ಇಂಗ್ಲಿಷ್ ಏಕೆ ಎನ್ನುವವರು ಇನ್ನೊಂದು ಬಣ. 1981ರ ಗೋಕಾಕ್ ವರದಿಯ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರ ಪ್ರಾಮಾಣಿಕತೆಗೆ ನಮ್ಮ ಗೌರವವಿದೆ. ಆದರೆ ವೇದಿಕೆಯ ಮೇಲೆ ಕನ್ನಡದ ಬಾವುಟ ಹಿಡಿದು ಸ್ವಂತ ಮಕ್ಕಳನ್ನು ಕಾನ್ವೆಂಟಿಗೆ ಕಳುಹಿಸುವವರಿಗೆ ಬೀಡಿ ಕಾರ್ಮಿಕಳ ಮಗಳಿಗೆ ಉಪದೇಶ ಮಾಡುವ ನೈತಿಕ ಹಕ್ಕಿಲ್ಲ. ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದ ಮೇಲೆ ಆಯ್ಕೆ ಇರುವುದು ಹಣವಿದ್ದವರಿಗೆ ಮಾತ್ರ.

ನಮ್ಮ ಸಮುದಾಯವೂ ಕನ್ನಡಿ ನೋಡಿಕೊಳ್ಳಬೇಕು. ಸ್ಥಿತಿವಂತ ಮುಸ್ಲಿಮರು ತಮ್ಮ ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸಿ, ಉರ್ದು ಶಾಲೆಯನ್ನು ಬಡವರ ಪಾಲಿಗೆ ಬಿಟ್ಟು, ಭಾಷಾಭಿಮಾನದ ಭಾಷಣವನ್ನು ಮಾತ್ರ ತಮ್ಮ ಬಳಿ ಇಟ್ಟುಕೊಂಡಿದ್ದಾರೆ. ಜಲ್ಸಾ, ಸನ್ಮಾನಗಳಿಗೆ ಖರ್ಚಾಗುವ ಹಣದ ಒಂದು ಪಾಲಿನಲ್ಲಿ ಪ್ರತಿ ಮೊಹಲ್ಲಾದಲ್ಲಿ ಒಂದು ವಾಚನಾಲಯ, ಸಂಜೆ ಎರಡು ತಾಸು ಕುಳಿತು ಓದಿಸುವ ಒಬ್ಬ ಪದವೀಧರೆ ಸಿಗಲಾರರೇ?

ನಾವು ಕೇಳುವುದು ದೊಡ್ಡದೇನಲ್ಲ. ಇಂಗ್ಲಿಷ್ ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬಲಿ. ಆಂತರಿಕ ಮೌಲ್ಯಮಾಪನದ 20 ಅಂಕಗಳನ್ನು ನಿಜವಾಗಿ ಕೇಳುವ, ಮಾತನಾಡುವ, ಗಟ್ಟಿಯಾಗಿ ಓದುವ ಕೆಲಸಕ್ಕೆ ಬಳಸಲಿ. ವಾರಕ್ಕೊಂದು ಪದಪರೀಕ್ಷೆಯ ಬದಲು ವಾರಕ್ಕೊಂದು ಸಣ್ಣ ಕಥೆಪುಸ್ತಕ ಮಗುವಿನ ಕೈಗೆ ಬರಲಿ. ವ್ಯಾಕರಣವನ್ನು ಕನ್ನಡ, ಮರಾಠಿ, ಉರ್ದುಗಳ ಜೊತೆಗೆ ಹೋಲಿಸಿ ಕಲಿಸುವ ತರಬೇತಿ ಗಡಿ ತಾಲ್ಲೂಕುಗಳ ಶಿಕ್ಷಕರಿಗೆ ಸಿಗಲಿ. ಅಂಕಗಳನ್ನು ಫಲಕದ ಮೇಲೆ ಬರೆದು ಹಿಂದುಳಿದ ಮಗುವನ್ನು ಅವಮಾನಿಸುವುದು ನಿಲ್ಲಲಿ.

ಆ ಹುಡುಗಿಗೆ ನಾವು ಮನೆಯ ಮುಂದಿನ ಹಳೆಯ ಮಸೀದಿಯ ಮಿನಾರನ್ನು ತೋರಿಸಿ, "ಇದು ಏನ್ಶಿಯಂಟ್" ಎಂದೆವು. ಅವಳು ಒಂದು ಕ್ಷಣ ಮಿನಾರನ್ನು ನೋಡಿದಳು. ಆಮೇಲೆ ತಾಯಿಯ ಕೈಯಲ್ಲಿದ್ದ ಬೀಡಿ ಕತ್ತರಿಯನ್ನು ತೋರಿಸಿ, "ಹಂಗಾದ್ರ ಇದೂ ಏನ್ಶಿಯಂಟ್ ರೀ, ನಮ್ಮಜ್ಜಿದು" ಎಂದು ನಕ್ಕಳು. ಅಂದು ಅವಳು ಒಂದು ಇಂಗ್ಲಿಷ್ ಪದ ಕಲಿತಳು. ಯಾವ ಪರೀಕ್ಷೆಯಲ್ಲೂ ಅದಕ್ಕೆ ಅಂಕವಿಲ್ಲ.