ಹೊಳಪಿಗೆ ತೆರುವ ಬೆಲೆ

ನಿಶ್ಚಿತಾರ್ಥಕ್ಕೆ ವಜ್ರದುಂಗುರವೇ ಆಗಬೇಕೆಂಬ ಹಠ ಇಂದು ಪಟ್ಟಣಗಳ ಮಧ್ಯಮ ವರ್ಗದ ಮನೆಗಳನ್ನೂ ಹೊಕ್ಕಿದೆ. ಇದು ಧರ್ಮದ ಆದೇಶವಲ್ಲ, ಹಿರಿಯರ ಸಂಪ್ರದಾಯವೂ ಅಲ್ಲ. ವಜ್ರ ಶಾಶ್ವತವೆಂಬ ಘೋಷಣೆಯನ್ನು ಡಿ ಬೀರ್ಸ್ ಕಂಪೆನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು ಹೆಣೆದದ್ದು 1947ರಲ್ಲಿ. ಆದರೆ ಅದರ ಬೆಲೆಯೂ ಶಾಶ್ವತವೇ? ಕೊಂಡದ್ದನ್ನು ಮಾರಲು ಹೋದವರಿಗೆ ಉತ್ತರ ತಿಳಿದಿದೆ. ಚಿನ್ನಕ್ಕಿರುವಂತೆ ವಜ್ರಕ್ಕೆ ಏಕರೂಪದ ದಿನದರವಿಲ್ಲ.

ಕೊಳ್ಳಲೇಬೇಕೆನ್ನುವವರು ಕಣ್ತೆರೆದು ಕೊಳ್ಳಲಿ. ಒಂದು ಕ್ಯಾರೆಟ್ ಎಂದರೆ ಕೇವಲ 0.2 ಗ್ರಾಂ. ಹೊಳಪನ್ನು ನಿರ್ಧರಿಸುವುದು ತೂಕವಲ್ಲ, ಕಡಿತದ ಗುಣ. ಒಂದು ಕ್ಯಾರೆಟ್‌ಗಿಂತ ತುಸು ಕಡಿಮೆ ತೂಗುವ ಹರಳು ಕಣ್ಣಿಗೆ ಹೆಚ್ಚುಕಡಿಮೆ ಅಷ್ಟೇ ಕಂಡರೂ ಸಾಮಾನ್ಯವಾಗಿ ಅಗ್ಗ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲದ ನೈಜ ವಜ್ರವೇ. ಅದರ ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ, ಮರುಮಾರಾಟದ ಮೌಲ್ಯವೂ ಅಲ್ಪ. ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ, ಚಿನ್ನದ ಹಾಲ್‌ಮಾರ್ಕ್, ಚಿನ್ನ, ಹರಳು ಹಾಗೂ ಮಜೂರಿಯನ್ನು ಪ್ರತ್ಯೇಕವಾಗಿ ನಮೂದಿಸಿದ ಬಿಲ್ಲು, ಮರುಖರೀದಿಯ ಲಿಖಿತ ಷರತ್ತು - ಇವನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಮಹರ್ ಕೊಡಲು ಏನೂ ಇಲ್ಲದಿದ್ದ ಅನುಚರರೊಬ್ಬರಿಗೆ ಕಬ್ಬಿಣದ ಉಂಗುರವನ್ನಾದರೂ ಹುಡುಕಿ ತರುವಂತೆ ಪ್ರವಾದಿ(ಸ) ಸೂಚಿಸಿದ್ದರು. ಆ ಸರಳತೆಯ ವಾರಸುದಾರರು ಬಡ್ಡಿಯ ಸಾಲ ತಂದು ಬೆರಳನ್ನು ಅಲಂಕರಿಸುವುದು ಎಂತಹ ವಿಪರ್ಯಾಸ! ಉಂಗುರದ ನೆಪದಲ್ಲಿ ಹೆಣ್ಣಿನ ತಂದೆಯಿಂದಲೇ ವಜ್ರ ಕೇಳುವುದು ವರದಕ್ಷಿಣೆಯಲ್ಲದೆ ಮತ್ತೇನು? ಸಾಲವಿಲ್ಲದೆ ಆರಂಭವಾಗುವ ದಾಂಪತ್ಯಕ್ಕಿಂತ ಮಿಗಿಲಾದ ಉಡುಗೊರೆಯನ್ನು ಯಾವ ಆಭರಣದಂಗಡಿಯೂ ಮಾರುವುದಿಲ್ಲ.