ತಪ್ಪನ್ನು ನುಂಗುವವರು

ತಪ್ಪೇ ಆಗದ ಪ್ರೋಗ್ರಾಂ ಬರೆಯಿರಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಡಿಸ್ಕ್ ತುಂಬುತ್ತದೆ, ತಂತಿ ಕಡಿಯುತ್ತದೆ, ತಾರೀಖು ಬರೆಯುವ ಜಾಗದಲ್ಲಿ ಜನ ಹೆಸರು ಬರೆಯುತ್ತಾರೆ. ನನ್ನ ಜಗಳವೇನಿದ್ದರೂ ಆದ ತಪ್ಪನ್ನು ಸದ್ದಿಲ್ಲದೆ ನುಂಗುವವರ ಜೊತೆ. ಕೆಳಗಿನ ಪದರಕ್ಕೆ ಖಾತೆಯ ಬಾಕಿ ಓದಲಾಗಲಿಲ್ಲ ಎನ್ನಿ. ಅದು ಸುಮ್ಮನೆ ಸೊನ್ನೆ ಕಳಿಸುತ್ತದೆ. ಮೇಲಿನ ಪದರ ಅದನ್ನು ನಂಬಿ 'ನಿಮ್ಮ ಖಾತೆಯಲ್ಲಿ ಹಣವಿಲ್ಲ' ಎನ್ನುತ್ತದೆ. "ಪ್ರೋಗ್ರಾಂ ನಿಲ್ಲಲಿಲ್ಲವಲ್ಲ ಸಾರ್" ಎಂದು ಬರೆದವನು ಬೀಗುತ್ತಾನೆ. 'ಗೊತ್ತಿಲ್ಲ' ಎನ್ನುವುದೂ 'ಇಲ್ಲ' ಎನ್ನುವುದೂ ಒಂದೇ ಏನು? ನೀವೇ ಹೇಳಿ.

ಹಾಗಾದರೆ ತಪ್ಪು ಕಂಡಲ್ಲೇ ಎಲ್ಲವನ್ನೂ ನಿಲ್ಲಿಸಿಬಿಡಿ ಎನ್ನುವ ಇನ್ನೊಂದು ಪಂಗಡವಿದೆ. ಅವರು ಏರಿಯಾನ್-5 ರಾಕೆಟ್ಟಿನ ಕತೆ ಕೇಳಬೇಕು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಅದು ಮೊದಲ ಸಲ ಹಾರಿತು. ಏರಿಯಾನ್-4ರಿಂದ ಎತ್ತಿ ತಂದ, ಹಾರಿದ ಮೇಲೆ ಬೇಕೇ ಇಲ್ಲದ ಒಂದು ಲೆಕ್ಕ, 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿನೊಳಗೆ ತುರುಕಲು ಹೋಗಿ ಸೋತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಅಷ್ಟಕ್ಕೇ ದಿಕ್ಕು ತಿಳಿಸುವ ಕಂಪ್ಯೂಟರು ಪೂರ್ತಿ ಅಂಗಡಿ ಮುಚ್ಚಿತು. ಬದಲಿ ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಂ. ಅದು ಆಗಲೇ ಮಲಗಿತ್ತು. ಕೆಟ್ಟ ಕಂಪ್ಯೂಟರು ಕಳಿಸಿದ ದೋಷದ ವಿವರವನ್ನು ಮೇಲಿನ ಕಂಪ್ಯೂಟರು ಹಾರಾಟದ ಅಂಕಿಯೆಂದೇ ಓದಿ ನಳಿಕೆಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು. ಸುಮಾರು 40 ಸೆಕೆಂಡಿಗೆ ರಾಕೆಟ್ಟು ಚೂರುಚೂರು.

ಆದ್ದರಿಂದ ನನ್ನ ವಾದ ಇಷ್ಟೇ. ತಪ್ಪನ್ನು ಕಂಡ ಪದರ ಅದನ್ನು ತಪ್ಪೆಂದೇ ಮೇಲಕ್ಕೆ ತಿಳಿಸಲಿ, ಅಂಕಿಯ ವೇಷ ಹಾಕಿಸಿ ಅಲ್ಲ. ಮತ್ತೆ ಯತ್ನಿಸಬೇಕೋ, ಬಿಟ್ಟು ಮುಂದೆ ಹೋಗಬೇಕೋ, ನಿಲ್ಲಬೇಕೋ ಎಂಬ ತೀರ್ಮಾನ ಅದರ ಪರಿಣಾಮ ಬಲ್ಲ ಪದರದ್ದು.

ಎಲ್ಲಕ್ಕಿಂತ ಮೇಲಿನ ಪದರ ಮನುಷ್ಯ. ಅವನಿಗೆ ಒಗಟು ಹೇಳಬೇಡಿ. 1986ರ ಮಾರ್ಚಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂದಷ್ಟೇ ತೋರಿಸಿತು. ಯಂತ್ರದ ಜೊತೆ ಕೊಟ್ಟ ಕೈಪಿಡಿಯಲ್ಲಿ ಆ ಸಂಖ್ಯೆಗೆ ಅರ್ಥವೇ ಇರಲಿಲ್ಲ. ಯಂತ್ರ ನಡೆಸುತ್ತಿದ್ದವರು ಮುಂದುವರಿಸುವ ಕೀಲಿ ಒತ್ತಿದರು. ಮಿತಿಮೀರಿದ ವಿಕಿರಣ ರೋಗಿಗೆ ಎರಡನೇ ಸಲವೂ ತಗುಲಿತು. ಕೆಲವು ತಿಂಗಳಲ್ಲಿ ಆತ ತೀರಿಕೊಂಡ.

ಏನಾಯಿತು, ಈಗ ಏನು ಮಾಡಬೇಕು ಎಂದು ತಿಳಿಯುವ ಮಾತಿನಲ್ಲಿ ಹೇಳಲು ನಾಲ್ಕು ಸಾಲು ಹೆಚ್ಚು ಬರೆಯಬೇಕಾದೀತು. ಬರೆಯಿರಿ. ಅದಕ್ಕೇ ನಿಮಗೆ ಸಂಬಳ.