ಹೆಸರಿಡಲಾರದ ಪಾತಕ

1937ನೆಯ ಇಸವಿಯ ನವೆಂಬರ 16ರಂದು ಜಿನೀವಾ ನಗರದಲ್ಲಿ ಅಂದಿನ ರಾಷ್ಟ್ರಸಂಘದ ಆಶ್ರಯದಲ್ಲಿ ಒಂದು ಕರಾರುಪತ್ರವು ಸಿದ್ಧವಾಯಿತು. ಭಯೋತ್ಪಾದನೆಯನ್ನು ತಡೆಗಟ್ಟುವದೂ ದಂಡಿಸುವದೂ ಅದರ ಉದ್ದೇಶ. ಇಪ್ಪತ್ತನಾಲ್ಕು ರಾಷ್ಟ್ರಗಳು ಅದಕ್ಕೆ ಸಹಿ ಹಾಕಿದವು. ಸಹಿಯ ತರುವಾಯ ಒಂದೊಂದು ಸರಕಾರವೂ ತನ್ನ ಅಂತಿಮ ಸಮ್ಮತಿಯನ್ನು ತಂದು ಒಪ್ಪಿಸಬೇಕಾಗಿದ್ದಿತು. ಹಾಗೆ ಒಪ್ಪಿಸಿದ ದೇಶವು ಒಂದೇ ಒಂದು. ಅದು ನಮ್ಮ ಹಿಂದುಸ್ಥಾನ, 1941ರಲ್ಲಿ. ಮಿಕ್ಕವರಾರೂ ಬಾರದೆ ಹೋದುದರಿಂದ ಆ ಕರಾರು ಜಾರಿಗೆ ಬರುವ ಮೊದಲೇ ಸತ್ತುಹೋಯಿತು.

ಇದನ್ನು ಓದಿ ಹೆಮ್ಮೆಪಡುವ ಮೊದಲು ವಾಚಕರು ತುಸು ತಡೆಯಬೇಕು. 1941ರಲ್ಲಿ ಹಿಂದುಸ್ಥಾನದ ಹೆಸರಿನಲ್ಲಿ ಮುದ್ರೆಯೊತ್ತಿದವರು ಹಿಂದುಸ್ಥಾನದ ಜನರಲ್ಲ; ದಿಲ್ಲಿಯಲ್ಲಿ ಕುಳಿತ ಆಂಗ್ಲ ಆಳರಸರು. 1929ರಲ್ಲಿ ಭಗತಸಿಂಗನು ಶಾಸನಸಭೆಯಲ್ಲಿ ಬಾಂಬನ್ನೆಸೆದುದೂ, 1930ರಲ್ಲಿ ಚಿತ್ತಗಾಂವದ ಶಸ್ತ್ರಾಗಾರವು ಲೂಟಿಯಾದುದೂ ಅವರ ನೆನಪಿನಿಂದ ಮಾಸಿರಲಿಲ್ಲ. ಇದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಸ್ವತಃ ಇಂಗ್ಲಂಡವು ಆ ಕರಾರಿಗೆ ಸಹಿಯನ್ನೇ ಹಾಕಿರಲಿಲ್ಲ! ಯಜಮಾನನು ತಾನು ಕುಡಿಯಲೊಲ್ಲದ ಕಷಾಯವನ್ನು ಆಳಿನ ಬಾಯಿಗೆ ಹಿಂಡಿದಂತಾಯಿತು. ಭಯೋತ್ಪಾದನೆಯೆಂದರೇನು ಎಂಬ ಪ್ರಶ್ನೆಯು ಇಂದಿಗೂ ಯಾಕೆ ಬಗೆಹರಿದಿಲ್ಲವೆಂಬದನ್ನು ತಿಳಿಯಬೇಕಾದವರು ಈ ಒಂದು ಸಂಗತಿಯಿಂದಲೇ ತೊಡಗಬೇಕು.

ಆ ಕರಾರು ಹುಟ್ಟಿದ ಬಗೆಯು ಹೀಗಿದೆ. 1934ರ ಅಕ್ಟೋಬರ 9ರಂದು ಫ್ರಾನ್ಸ ದೇಶದ ಮಾರ್ಸೇಲ್ಸ ಬಂದರಿನಲ್ಲಿ ಯುಗೋಸ್ಲಾವಿಯದ ದೊರೆ ಅಲೆಕ್ಝಾಂಡರನು ಗುಂಡಿಗೆ ಬಲಿಯಾದನು. ಫ್ರೆಂಚ ಪರರಾಷ್ಟ್ರಮಂತ್ರಿ ಬಾರ್ತೂ ಎಂಬವನೂ ಅಂದೇ ಸತ್ತನು. ಸಂಚಿನ ಹಿಂದೆ ಇದ್ದವನೆಂದು ಆರೋಪಿತನಾದ ಕ್ರೊಯೇಷಿಯದ ಪಾವೆಲಿಚ್ ಎಂಬವನು ಇಟಲಿಯಲ್ಲಿ ಇದ್ದನು. ಅವನನ್ನು ತಮಗೆ ಒಪ್ಪಿಸಬೇಕೆಂದು ಫ್ರೆಂಚರು ಕೇಳಿದರು. ಟ್ಯೂರಿನ ನಗರದ ನ್ಯಾಯಸ್ಥಾನವು, ಇದು ರಾಜಕೀಯ ಅಪರಾಧ, ಇಂಥ ಅಪರಾಧಿಯನ್ನು ಒಪ್ಪಿಸುವ ವಾಡಿಕೆಯಿಲ್ಲ ಎಂದು ಹೇಳಿ ಕೈ ತೊಳೆದುಕೊಂಡಿತು. ಹೀಗೆ ಹೇಳಿದ ಇಟಲಿಯಲ್ಲಿ ಆಗ ಮುಸೊಲಿನಿಯ ದೊರೆತನವಿದ್ದಿತೆಂಬದನ್ನು ಓದುಗರು ಮರೆಯಬಾರದು. ಕೊಲೆಗಡುಕನಿಗೆ ಗಡಿ ದಾಟಿದರೆ ಸಾಕು, ಅಪರಾಧದ ಹೆಸರೇ ಬದಲಾಗುವದು. ಈ ಬಾಗಿಲನ್ನು ಮುಚ್ಚುವದಕ್ಕಾಗಿಯೇ ಫ್ರಾನ್ಸವು ಜಿನೀವಾದಲ್ಲಿ ಈ ವಿಷಯವನ್ನು ಎತ್ತಿತು.

ಆದರೆ ಬಾಗಿಲನ್ನು ಮುಚ್ಚಲು ಹೋದವರು ಮಾಡಿದ ವ್ಯಾಖ್ಯೆಯನ್ನು ನೋಡಿರಿ. ಜನರ ಮನಸ್ಸಿನಲ್ಲಿ ಭೀತಿಯನ್ನು ಹುಟ್ಟಿಸುವ ಉದ್ದೇಶದಿಂದ ಸಂಸ್ಥಾನಕ್ಕೆ ವಿರುದ್ಧವಾಗಿ ಎಸಗಿದ ಅಪರಾಧವೇ ಭಯೋತ್ಪಾದನೆ ಎಂಬದು ಅದರ ತಾತ್ಪರ್ಯ. ಅಂದರೆ, ಪೆಟ್ಟು ಬೀಳುವದು ಸಂಸ್ಥಾನದ ಮೈಮೇಲೆ. ದೂರು ಕೊಡುವದೂ ಸಂಸ್ಥಾನವೇ. ಸಂತೆಗೆ ಹೊರಟ ರೈತನು, ಶಾಲೆಗೆ ನಡೆದ ಹುಡುಗನು ಈ ವ್ಯಾಖ್ಯೆಯಲ್ಲಿ ಕೇವಲ ಸಾಕ್ಷಿಗಳು. ಇನ್ನು ಸಂಸ್ಥಾನವೇ ಜನರನ್ನು ಹೆದರಿಸಿದರೆ ಅದಕ್ಕೆ ಇಲ್ಲಿ ಹೆಸರಿಲ್ಲ.

ಈ ಅಳತೆಗೋಲನ್ನು ನಮ್ಮ ನಾಡಿನ ಮೇಲೆಯೇ ಇಟ್ಟು ನೋಡೋಣ. 1943ರ ಏಪ್ರಿಲ 1ರಂದು ಮುಂಬಯಿ ಇಲಾಖೆಗೆ ಸೇರಿದ್ದ ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣಕ್ಕೆ ಕೈಯಿಕ್ಕಲು ಹೋದ ಮೈಲಾರ ಮಹಾದೇವಪ್ಪನವರೂ ಅವರ ಇಬ್ಬರು ಸಂಗಡಿಗರೂ ಪೋಲೀಸರ ಗುಂಡಿಗೆ ಬಿದ್ದರು. ಅದೇ ವರ್ಷದ ಮಾರ್ಚ ತಿಂಗಳಲ್ಲಿ ಮೈಸೂರು ಸರಕಾರವು ಶಿಕಾರಿಪುರ ತಾಲೂಕಿನ ಈಸೂರಿನ ಐವರನ್ನು ಗಲ್ಲಿಗೇರಿಸಿತ್ತು. 1942ರಲ್ಲಿ ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿದ ಆ ಹಳ್ಳಿಯಲ್ಲಿ ಅಮಲದಾರನೂ ಪೋಲೀಸ ಅಧಿಕಾರಿಯೂ ಜನರ ಕೈಯಲ್ಲಿ ಸತ್ತಿದ್ದರು. ಸತ್ತವರಿಗೂ ಹೆಂಡಿರು ಮಕ್ಕಳಿದ್ದರು. ಅದು ಕೊಲೆಯಲ್ಲವೆಂದು ನಾವು ಹೇಳಲಾರೆವು. ಆದರೆ ಉರಿದೆದ್ದ ಜನರ ಗದ್ದಲದಲ್ಲಿ ಆದ ಆ ಕೊಲೆಯೂ, ನೆರೆದ ನಿರಪರಾಧಿಗಳ ನಡುವೆ ಬೇಕೆಂದೇ ಬಾಂಬಿಟ್ಟು ಹೋಗುವ ಕೃತ್ಯವೂ ಒಂದೇ ಎಂದು ಹೇಳುವವನ ಬುದ್ಧಿಯು ನೆಟ್ಟಗಿಲ್ಲ. 1937ರ ವ್ಯಾಖ್ಯೆಯನ್ನು ಕೈಯಲ್ಲಿ ಹಿಡಿದ ಆಂಗ್ಲ ನ್ಯಾಯಾಧೀಶನಿಗೆ ಈ ಭೇದವು ಕಾಣಿಸುತ್ತಿತ್ತೇ? ನಮಗೆ ಸಂಶಯವೇ.

ನಿಜಾಮನ ಸೀಮೆಯ ಕನ್ನಡ ಜಿಲ್ಲೆಗಳ ಸಂಗತಿಯು ಇನ್ನೂ ಸ್ಪಷ್ಟವಾಗಿದೆ. 1947-48ರಲ್ಲಿ ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯ ಶಿಬಿರಗಳಲ್ಲಿ ನೆರೆದ ತರುಣರು ನಿಜಾಮನ ಪೋಲೀಸ ಠಾಣೆಗಳ ಮೇಲೆಯೂ ಕರೋಡಗಿರಿ ನಾಕೆಗಳ ಮೇಲೆಯೂ ಬೀಳುತ್ತಿದ್ದರು. ಅದೇ ಕಾಲಕ್ಕೆ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಅವರು ನಡೆಸಿದ ಕಗ್ಗೊಲೆಯನ್ನು ಆ ಭಾಗದ ಜನರು ಇನ್ನೂ ಮರೆತಿಲ್ಲ. ಹೈದರಾಬಾದ ಸರಕಾರದ ಕಣ್ಣಿಗೆ ಶಿಬಿರದವರು ಬಂಡುಕೋರರು, ರಜಾಕಾರರು ಸ್ವಯಂಸೇವಕರು. ಸಂಸ್ಥಾನಕ್ಕೆ ವಿರೋಧವಾದುದೇ ಪಾತಕವೆಂಬ ವ್ಯಾಖ್ಯೆಯಿಂದ ಶಿಬಿರದವನು ಅಪರಾಧಿ, ಗೋರಟೆಯ ಕೊಲೆಗಡುಕನು ನಿರ್ದೋಷಿ! ಸ್ವಾತಂತ್ರ್ಯಕ್ಕಾಗಿ ಹೋರುವವನ ಕೃತ್ಯವೆಲ್ಲವೂ ಶುದ್ಧವೆಂಬ ವ್ಯಾಖ್ಯೆಯೂ ಅಷ್ಟೇ ಕುಂಟು. ಯಾಕಂದರೆ ತಾನೂ ಹೈದರಾಬಾದದ ಸ್ವಾತಂತ್ರ್ಯಕ್ಕಾಗಿ ಹೋರುತ್ತಿರುವೆನೆಂದೇ ರಜಾಕಾರನು ಹೇಳುತ್ತಿದ್ದನು. ಉದ್ದೇಶವನ್ನು ಕೇಳಿ ಎಲ್ಲರೂ ಉತ್ತರ ಕೊಡಬಲ್ಲರು. ಯಾರನ್ನು ಹೊಡೆದೆ ಎಂದು ಕೇಳಿದಾಗಲೇ ನಾಲಗೆ ತಡವರಿಸುವದು.

ಜಗತ್ತಿನ ಮುತ್ಸದ್ದಿಗಳು ಈ ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದರಲ್ಲಿಯೇ ಸುತ್ತುತ್ತಿದ್ದಾರೆ. 1972ರಲ್ಲಿ ಮ್ಯೂನಿಕ ನಗರದ ಒಲಿಂಪಿಕ ಪಂದ್ಯಗಳ ಕಾಲಕ್ಕೆ ಇಸ್ರಾಯೇಲದ ಹನ್ನೊಂದು ಜನರು ಹತರಾದ ಮೇಲೆ ಸಂಯುಕ್ತ ರಾಷ್ಟ್ರಸಂಸ್ಥೆಯು ಈ ವಿಷಯವನ್ನು ಕೈಗೆತ್ತಿಕೊಂಡಿತು. ಆ ವರ್ಷದ ಡಿಸೆಂಬರದಲ್ಲಿ ಅಂಗೀಕೃತವಾದ ಠರಾವಿನ ಶೀರ್ಷಿಕೆಯನ್ನು ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುವದು; ಭಯೋತ್ಪಾದನೆಯ ಹಿಂದಿರುವ ದೈನ್ಯ, ಹತಾಶೆ, ಅನ್ಯಾಯಗಳ ಅಧ್ಯಯನವೂ ಅದರಲ್ಲಿಯೇ ಅಡಕವಾಗಿದ್ದಿತು. ಮೂವತ್ತೈದು ರಾಷ್ಟ್ರಗಳ ಸಮಿತಿಯು ನೇಮಕವಾಯಿತು, ಕೂಡಿತು, ಚರ್ಚಿಸಿತು, ವ್ಯಾಖ್ಯೆ ಹುಟ್ಟಲಿಲ್ಲ. ವಸಾಹತುಗಳಿಂದ ಆಗತಾನೆ ಬಿಡುಗಡೆ ಹೊಂದಿದ ದೇಶಗಳಿಗೆ ಆಳರಸರ ಬಾಯಿಂದ ಈ ಶಬ್ದವನ್ನು ಕೇಳಿ ಕೇಳಿ ರೋಸಿಹೋಗಿದ್ದಿತು. ಅವರ ಸಂಶಯವು ನಿರಾಧಾರವಾದುದೆಂದು ಹೇಳಲಾಗದು: ದಕ್ಷಿಣ ಆಫ್ರಿಕೆಯ ನೆಲ್ಸನ್ ಮಂಡೇಲಾ ಅವರ ಹೆಸರನ್ನು ಅಮೇರಿಕೆಯು ತನ್ನ ಭಯೋತ್ಪಾದಕರ ಪಟ್ಟಿಯಿಂದ ತೆಗೆದುದು 2008ರಲ್ಲಿ; ಆಗ ಅವರಿಗೆ ಎಂಬತ್ತೊಂಬತ್ತು ದಾಟಿದ್ದಿತು.

ಇಡಿಯ ಪಾತಕಕ್ಕೆ ಹೆಸರಿಡಲಾರದವರು ಅದರ ತುಂಡುಗಳಿಗೆ ಹೆಸರಿಟ್ಟರು. ವಿಮಾನ ಅಪಹರಣಕ್ಕೆ 1970ರಲ್ಲಿ ಒಂದು ಕರಾರು, ಒತ್ತೆಯಾಳುಗಳಿಗೆ 1979ರಲ್ಲಿ, ಬಾಂಬುಗಳಿಗೆ 1997ರಲ್ಲಿ, ಹಣದ ನೆರವಿಗೆ 1999ರಲ್ಲಿ. ಈ ಯುಕ್ತಿಯನ್ನು ನಾವು ಹಳಿಯುವದಿಲ್ಲ. ವಿಮಾನಗಳ್ಳನನ್ನು ದಂಡಿಸು, ಇಲ್ಲವೆ ಒಪ್ಪಿಸು ಎಂಬ ಕಟ್ಟಳೆಯಿಂದ ಎಷ್ಟೋ ಒಳಿತಾಗಿದೆ. 1999ರ ಕರಾರಿನಲ್ಲಂತೂ ಒಳ್ಳೆಯ ವ್ಯಾಖ್ಯೆಯೊಂದು ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತಿದೆ. ಜನರನ್ನು ಬೆದರಿಸುವದಕ್ಕಾಗಿ ಇಲ್ಲವೆ ಸರಕಾರವನ್ನು ಬಲಾತ್ಕರಿಸುವದಕ್ಕಾಗಿ, ನಾಗರಿಕನನ್ನಾಗಲಿ ಯುದ್ಧದಲ್ಲಿ ಕೈ ಹಾಕದ ಇನ್ನಾರನ್ನಾಗಲಿ ಕೊಲ್ಲುವ ಅಥವಾ ಘೋರವಾಗಿ ಗಾಯಗೊಳಿಸುವ ಕೃತ್ಯ ಎಂಬದು ಅದರ ಸಾರ. ಇಲ್ಲಿ ಪೆಟ್ಟು ತಿಂದವನು ಸಂಸ್ಥಾನವಲ್ಲ, ಮನುಷ್ಯನು. 1937ಕ್ಕೂ 1999ಕ್ಕೂ ಇರುವ ಅಂತರವು ಇದೇ.

ಹಾಗಾದರೆ ತೊಡಕೆಲ್ಲಿ? 1996ರಲ್ಲಿ, ಈ ಸಲ ತನ್ನ ಸ್ವಂತ ಬಾಯಿಂದ, ಭಾರತವು ಸಮಗ್ರವಾದ ಒಂದು ಕರಾರಿನ ಕರಡನ್ನು ಮಂಡಿಸಿತು. ಅದೇ ವರ್ಷ ಅದಕ್ಕೊಂದು ಸಮಿತಿಯೂ ಏರ್ಪಟ್ಟಿತು. ವ್ಯಾಖ್ಯೆಯ ಎರಡನೆಯ ಕಲಮಿನ ಬಗ್ಗೆ ಬಹುಮಟ್ಟಿಗೆ ಒಮ್ಮತವಾಯಿತು. ಗಾಡಿಯು ಹೂತುಹೋದುದು ಹದಿನೆಂಟನೆಯ ಕಲಮಿನಲ್ಲಿ. ಯಾರಿಗೆ ಈ ಕರಾರು ಅನ್ವಯಿಸುವದಿಲ್ಲವೆಂದು ಹೇಳುವ ಕಲಮದು. ಯುದ್ಧದಲ್ಲಿ ‘ಸಶಸ್ತ್ರ ಪಡೆಗಳ’ ಕಾರ್ಯಗಳನ್ನು ಹೊರಗಿಡಬೇಕೆಂದು ಒಂದು ಪಕ್ಷ. ಪಡೆಗಳೆಂದಲ್ಲ, ‘ಪಕ್ಷಗಳ’ ಕಾರ್ಯಗಳೆಂದು ಬರೆಯಬೇಕು, ಪರಕೀಯರ ಆಕ್ರಮಣದಲ್ಲಿರುವ ನೆಲವನ್ನೂ ಸೇರಿಸಬೇಕು ಎಂದು ಇಸ್ಲಾಮೀ ರಾಷ್ಟ್ರಗಳ ಕೂಟವು ಹಟ ಹಿಡಿಯಿತು. ಎರಡನೆಯ ಜಗಳವು ಇನ್ನೂ ಸೂಕ್ಷ್ಮವಾದುದು. ಸಂಸ್ಥಾನದ ಸೈನ್ಯವು ಅನ್ಯ ಅಂತರರಾಷ್ಟ್ರೀಯ ನಿಯಮಗಳಿಗೆ ‘ಒಳಪಟ್ಟಿರುವಷ್ಟು’ ಮಟ್ಟಿಗೆ ಈ ಕರಾರಿನಿಂದ ಮುಕ್ತವೆಂದು ಕರಡು ಹೇಳಿದರೆ, ಆ ನ್ಯಾಯಕ್ಕೆ ‘ಅನುಗುಣವಾಗಿ ನಡೆದಷ್ಟು’ ಮಟ್ಟಿಗೆ ಮಾತ್ರ ಮುಕ್ತವೆಂದು ಬರೆಯಿರಿ ಎಂದು ಅವರ ಬೇಡಿಕೆ. ಶಾಲಾಮಾಸ್ತರರಾದ ನಮ್ಮ ವಾಚಕರು ಈ ಎರಡು ಪದಗಳ ಭೇದವನ್ನು ಕೂಡಲೇ ಗ್ರಹಿಸಬಲ್ಲರು. ಶಾಲೆಯ ನಿಯಮಕ್ಕೆ ಒಳಪಟ್ಟ ಹುಡುಗರೆಲ್ಲರೂ ನಿಯಮಕ್ಕೆ ಅನುಗುಣವಾಗಿ ನಡೆಯುವರೆಂದಲ್ಲ.

ನಮ್ಮ ಮತವನ್ನು ಬಿಚ್ಚಿ ಹೇಳುತ್ತೇವೆ, ಕೆಲವರಿಗೆ ಕಹಿಯಾದರೂ ಆಗಲಿ. ಮೊದಲನೆಯ ಜಗಳದಲ್ಲಿ ಇಸ್ಲಾಮೀ ಕೂಟದ ವಾದವನ್ನು ನಾವು ಒಪ್ಪಲಾರೆವು. ಆಕ್ರಮಿತ ನೆಲದಲ್ಲಿ ಸೈನಿಕನೊಡನೆ ಹೋರುವವನಿಗೆ ಯುದ್ಧನ್ಯಾಯವು ಇದ್ದೇ ಇದೆ. ಆದರೆ ಪ್ರವಾಸಿಗಳ ಮೇಲೆ ಗುಂಡು ಹಾರಿಸಿದವನೂ ‘ನಾನೊಂದು ಪಕ್ಷ’ ಎಂದು ಎದ್ದು ನಿಲ್ಲುವಂತೆ ಬಾಗಿಲನ್ನು ತೆರೆದಿಡುವದು ತರವಲ್ಲ. 2025ರ ಏಪ್ರಿಲ 22ರಂದು ಪಹಲಗಾಮದಲ್ಲಿ ಇಪ್ಪತ್ತಾರು ಜನರು ಹತರಾದರು. ಅವರಲ್ಲಿ ಶಿವಮೊಗ್ಗೆಯವರೊಬ್ಬರಿದ್ದರು, ಈಸೂರು ಇರುವದೂ ಅದೇ ಜಿಲ್ಲೆಯಲ್ಲಿಯೇ. ಈ ಎರಡು ಸಾವುಗಳ ನಡುವಿನ ಭೇದವನ್ನು ಅರಿತ ಜಿಲ್ಲೆಯ ಜನರು ನ್ಯೂಯಾರ್ಕಿನ ಪಂಡಿತರಿಗೆ ಪಾಠ ಹೇಳಬಲ್ಲರು.

ಎರಡನೆಯ ಜಗಳದಲ್ಲಿ ಮಾತ್ರ ಅವರ ಪದವೇ ಹೆಚ್ಚು ನ್ಯಾಯವಾದುದೆಂದು ನಮಗೆ ತೋರುವದು. ಸಮವಸ್ತ್ರವು ಪಾಪವನ್ನು ತೊಳೆಯುವ ತೀರ್ಥವಲ್ಲ. ಶಿಸ್ತಿನಿಂದ ನಡೆಯುವ ಸೈನ್ಯಕ್ಕೆ ‘ಅನುಗುಣವಾಗಿ’ ಎಂಬ ಪದದಿಂದ ಯಾವ ಭಯವೂ ಇರಲಾರದು. ಭಯವಿದ್ದರೆ ಅದನ್ನು ಹೇಳಬೇಕು. 2007ರಲ್ಲಿ ಸಂಧಾನವನ್ನು ನಡೆಸುತ್ತಿದ್ದ ಗ್ರೀಸ್ ದೇಶದ ಮರಿಯಾ ತೆಲಾಲಿಯನ್ ಅವರು, ಈ ಕರಾರಿನ ಹೊರಗಿಟ್ಟ ಮಾತ್ರಕ್ಕೆ ಅಕ್ರಮವು ಸಕ್ರಮವಾಗದು, ಅದು ಬೇರೆ ಕಾಯಿದೆಗಳಿಂದ ದಂಡನೀಯವಾಗಿಯೇ ಉಳಿಯುವದು ಎಂಬ ಅರ್ಥ ಬರುವಂತೆ ನಡುದಾರಿಯೊಂದನ್ನು ಹುಡುಕಿದರು. ಅದೂ ಇತ್ಯರ್ಥವಾಗಲಿಲ್ಲ. 2013ರ ನಂತರ ಆ ವಿಶೇಷ ಸಮಿತಿಯು ಕೂಡಿಲ್ಲ. ವಿಷಯವು ಮಹಾಸಭೆಯ ಆರನೆಯ ಸಮಿತಿಯಲ್ಲಿ ವರ್ಷದಿಂದ ವರ್ಷಕ್ಕೆ ಉರುಳುತ್ತಿದೆ.

ವ್ಯಾಖ್ಯೆಯಿಲ್ಲದಿದ್ದರೇನು, ಕೆಲಸ ನಡೆದೇ ಇದೆಯಲ್ಲ ಎನ್ನುವವರುಂಟು. ನಡೆಯುತ್ತಿರುವ ಬಗೆಯನ್ನು ಅವರು ನೋಡಲಿ. 2001ರ ಸಪ್ಟಂಬರ 28ರಂದು ಭದ್ರತಾ ಮಂಡಲವು ಭಯೋತ್ಪಾದನೆಯನ್ನು ಎಲ್ಲ ರಾಷ್ಟ್ರಗಳೂ ದಂಡಿಸಲೇಬೇಕೆಂದು ಆಜ್ಞಾಪಿಸಿತು, ಹಾಗೆಂದರೇನೆಂದು ಹೇಳಲಿಲ್ಲ. ಖಾಲಿ ಬಿಟ್ಟ ಆ ಜಾಗದಲ್ಲಿ ಒಂದೊಂದು ಸರಕಾರವೂ ತನಗೆ ಬೇಡಾದವರ ಹೆಸರನ್ನು ಬರೆದುಕೊಂಡಿತು. ಇತ್ತ ಮಸೂದ ಅಜಹರನನ್ನು ಸಂಯುಕ್ತ ರಾಷ್ಟ್ರಸಂಸ್ಥೆಯ ದಂಡನೆಯ ಪಟ್ಟಿಗೆ ಸೇರಿಸಲು 2009ರಿಂದ 2019ರ ಮೇ 1ರ ವರೆಗೆ ಹತ್ತು ವರ್ಷ ಹಿಡಿಯಿತು. ಚೀನದ ತಡೆಯು ಸರಿದುದು, ಪುಲವಾಮದಲ್ಲಿ ನಮ್ಮ ಮಂಡ್ಯ ಜಿಲ್ಲೆಯವನೊಬ್ಬನನ್ನೂ ಕೂಡಿ ನಾಲ್ವತ್ತು ಜನ ಯೋಧರು ಮಡಿದು ಎರಡು ತಿಂಗಳು ಮೀರಿದ ಮೇಲೆ. ಶಬ್ದಕ್ಕೆ ಅರ್ಥವಿಲ್ಲದಲ್ಲಿ ಸ್ನೇಹವೇ ಅರ್ಥವಾಗುವದು.

ಪರರನ್ನು ಕೇಳುವಾಗ ನಮ್ಮ ಮನೆಯ ಕಡೆಗೂ ಕಣ್ಣು ಹಾಯಿಸಬೇಕಷ್ಟೆ. ನಮ್ಮ ಕಾನೂನುಬಾಹಿರ ಚಟುವಟಿಕೆಗಳ ಕಾಯಿದೆಯ ಹದಿನೈದನೆಯ ಕಲಮು ಬಹು ವಿಸ್ತಾರವಾದುದು. ಅದರ ಕೆಳಗೆ ಸೆರೆ ಸಿಕ್ಕವನಿಗೆ ಜಾಮೀನು ದೊರೆಯುವದೂ ಕಷ್ಟ. ಜಗತ್ತಿನ ಮುಂದೆ ಇಕ್ಕಟ್ಟಾದ, ಖಚಿತವಾದ ವ್ಯಾಖ್ಯೆಯನ್ನು ಬೇಡುವ ರಾಷ್ಟ್ರವು ಮನೆಯಲ್ಲಿ ಅಗಲವಾದುದನ್ನು ಇಟ್ಟುಕೊಂಡರೆ ಎದುರಾಳಿಗಳು ಅದನ್ನೇ ಎತ್ತಿ ತೋರಿಸುವರು.

1941ರಲ್ಲಿ ನಮ್ಮ ಹೆಸರಿನಲ್ಲಿ ಸಮ್ಮತಿ ಕೊಟ್ಟವರು ನಮ್ಮನ್ನು ಕೇಳಲಿಲ್ಲ. ಈಗ ಕೇಳಲು ಅಡ್ಡಿಯೇನು? ಹದಿನೆಂಟನೆಯ ಕಲಮಿನ ಯಾವ ಪದವನ್ನು ತಾನು ಒಪ್ಪುವೆನು, ಯಾವುದನ್ನು ಒಪ್ಪೆನು, ತೆಲಾಲಿಯನ್ ಅವರ ನಡುದಾರಿಯ ಬಗ್ಗೆ ತನ್ನ ಅಭಿಪ್ರಾಯವೇನು ಎಂಬದನ್ನು ದಿಲ್ಲಿಯ ಸರಕಾರವು ಒಂದು ಕಾಗದದಲ್ಲಿ ಬರೆದು ಲೋಕಸಭೆಯ ಮುಂದಿಡಲಿ. ಕನ್ನಡ ನಾಡಿನ ಸದಸ್ಯರು, ಪಕ್ಷ ಯಾವುದೇ ಇರಲಿ, ಆ ಕಾಗದವನ್ನು ಕೇಳಿ ಪಡೆಯಲಿ.